ಒಂದು ಎಂಟರ್‌ಗೆ 11 ಸೆಕೆಂಡು

ತುಮರಿ ಕಡೆಯ ಬೆಳೆಗಾರರೊಬ್ಬರು ನನ್ನ ಮೇಜಿನೆದುರು ಕೂತು ಏಳುತ್ತಿದ್ದರು, ಎದ್ದು ಕೂರುತ್ತಿದ್ದರು. ಎರಡು ಚೀಲ ರಾಶಿ ಅಡಿಕೆ, ಒಂದು ಚೀಲ ಕೆಂಪುಗೋಟು ಅಡಿಕೆ ಮಾರಾಟವಾಗಿ ತೂಕದ ಚೀಟಿ ಕೈಗೆ ಬಂದಿತ್ತು. ಆಗಬೇಕಾದದ್ದು ಪಟ್ಟಿ ಒಂದೇ: ತೂಕ, ದರ, ಹಮಾಲಿ, ತಗೊಂಡಿದ್ದ ಮುಂಗಡ, ಅದರ ಬಡ್ಡಿ, ಕೈಗೆ ಬರುವ ದುಡ್ಡು. “ತಂಗೀ, ಕಡೇ ಲಾಂಚ್ ತಪ್ಪಿದ್ರೆ ನಾ ಇವತ್ತು ಹೊಳೆಬಾಗಿಲಲ್ಲೇ ಮಲಗೋದು” ಅಂದರು. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದದ್ದು 2025ರ ಜುಲೈಯಲ್ಲಿ. ಇದು ಅದರ ಹಿಂದಿನ ವರ್ಷದ ಮಾರ್ಚ್ ತಿಂಗಳ ಮಾತು. ಆಗ ಶರಾವತಿ ಹಿನ್ನೀರಿನ ಆಚೆಯವರ ದಿನವೆಲ್ಲ ನೀರು ದಾಟಿಸುವ ಲಾಂಚಿನ ಹೊತ್ತಿಗೆ ಕಟ್ಟುಬಿದ್ದಿರುತ್ತಿತ್ತು.

ಕಂಪ್ಯೂಟರಿನ ಲೆಕ್ಕದ ಹಾಳೆಯಲ್ಲಿ (ಸ್ಪ್ರೆಡ್‌ಶೀಟ್) ತೂಕ ಹೊಡೆದು ಎಂಟರ್ ಒತ್ತಿದೆ. ಪರದೆ ಮಂಕಾಯಿತು, ಬಾಣದ ಜಾಗದಲ್ಲಿ ಚಕ್ರ ಸುತ್ತತೊಡಗಿತು. ಮನಸ್ಸಲ್ಲೇ ಎಣಿಸಿದೆ. ಹನ್ನೊಂದಕ್ಕೆ ಅಂಕಿ ಹಾಳೆಯ ಮನೆಯೊಳಗೆ ಕೂತಿತು. ದರ ಹೊಡೆದೆ, ಮತ್ತೆ ಹನ್ನೊಂದು. ಒಂದು ಚೀಲಕ್ಕೆ ಒಂದು ಸಾಲು, ಸಾಲಿಗೆ ಆರು ಮನೆ. ಮೂರು ಸಾಲು ತುಂಬಲು ಹದಿನೆಂಟು ಸಲ ಎಂಟರ್. ಬರೀ ಕಾಯುವುದಕ್ಕೇ ಮೂರು ನಿಮಿಷದ ಮೇಲೆ ಬೇಕಾಗುತ್ತಿತ್ತು, ಅದೂ ಒಬ್ಬರ ಪಟ್ಟಿಗೆ. ಅವರಿಗಿಂತ ಮೊದಲು ಬಂದ ಒಂಬತ್ತು ಜನ ಗೋಡೆಗೊರಗಿ ನಿಂತಿದ್ದರು. ಕೊನೆಗೆ ಬೀರುವಿನಿಂದ ಹಳೇ ಪಟ್ಟಿ ಪುಸ್ತಕ ತೆಗೆದು, ಕಾರ್ಬನ್ ಹಾಳೆ ಇಟ್ಟು ಕೈಯಲ್ಲೇ ಬರೆದು ಕೊಟ್ಟೆ. ಅವರಿಗೆ ಲಾಂಚ್ ಸಿಕ್ಕಿತು. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ನಾನು ಸಾಗರದ ಒಂದು ಸಣ್ಣ ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವವಳು. ಹದಿನಾರು ವರ್ಷವಾಯಿತು. ನಮ್ಮ ಸಿಸ್ಟಮ್ಮಿಗೆ 2019ರಲ್ಲಿ ಲಿನಕ್ಸ್ ಅನ್ನುವ ಮುಕ್ತ ಕಾರ್ಯಾಚರಣೆ ವ್ಯವಸ್ಥೆ ಹಾಕಿಸಿದ್ದು ನನ್ನದೇ ಹಟ. ಅದಕ್ಕೆ ಮೊದಲು ಇದ್ದದ್ದು ಯಾರೋ ಹಾಕಿಕೊಟ್ಟ ಕಳ್ಳ ಪ್ರತಿ. ವೈರಸ್ ಹೊಕ್ಕು ಒಂದು ತಿಂಗಳ ಲೆಕ್ಕ ಪೂರ್ತಿ ಹೋಗಿತ್ತು. ರೈತರ ದುಡ್ಡಿನ ಲೆಕ್ಕ ಕದ್ದ ಮಾಲಿನ ಮೇಲೆ ನಿಲ್ಲಬಾರದು, ಲೈಸೆನ್ಸಿಗೆ ವರ್ಷ ವರ್ಷ ಕೊಡುವ ಶಕ್ತಿ ಮಂಡಿಗಿಲ್ಲ, ಯಾರು ಬೇಕಾದರೂ ಬಳಸಿ ಯಾರು ಬೇಕಾದರೂ ತಿದ್ದಿ ಅಂತ ಜಗತ್ತಿನ ಮುಂದೆ ಇಟ್ಟ ತಂತ್ರಾಂಶ ಇರುವಾಗ ಬೇರೆಯದು ಯಾಕೆ, ಎಂದು ಯಜಮಾನರ ಮುಂದೆ ವಾದಿಸಿದ್ದೆ. ಈಗಲೂ ಅದೇ ಮಾತಿಗೆ ನಿಲ್ಲುತ್ತೇನೆ. ಲೆಕ್ಕದ ಹಾಳೆಗೆ ಬಳಸುವ ತಂತ್ರಾಂಶದ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ನನ್ನ ದೂರು ಅದೊಂದರ ಮೇಲಲ್ಲ.

ಮೊದಲ ಮೂರು ಸುಗ್ಗಿ ಹೂವೆತ್ತಿದ ಹಾಗೆ ಹೋಯಿತು. ನಾಲ್ಕನೆಯದರಲ್ಲಿ ಸ್ವಲ್ಪ ಎಳೆಯತೊಡಗಿತು. ಐದನೆಯದಕ್ಕೆ 11 ಸೆಕೆಂಡು. ಯಂತ್ರ ಹಳೆಯದು ನಿಜ, ರ‍್ಯಾಮ್ 4 ಜಿಬಿ, ತಿರುಗುವ ಹಾರ್ಡ್ ಡಿಸ್ಕು. ಆದರೆ ಹದಿನಾಲ್ಕು ಸಾವಿರ ಸಾಲಿನ ಒಂದು ಹಾಳೆ ಅದಕ್ಕೆ ಹೊರೆಯಾಗಬಾರದು. ಅದೇ ಯಂತ್ರದಲ್ಲಿ ಉಳಿದೆಲ್ಲ ಕೆಲಸ ಚುರುಕಾಗಿಯೇ ಇತ್ತು.

ಆ ಲೆಕ್ಕದ ಹಾಳೆ ತಂತ್ರಾಂಶದ ಬಳಕೆದಾರರ ಆನ್‌ಲೈನ್ ಗುಂಪಿನಲ್ಲಿ ಕೇಳಿದೆ. ಇಂಗ್ಲಿಷಿನಲ್ಲೇ ಬರೆಯಬೇಕು. ಎರಡು ರಾತ್ರಿ ಕೂತು, ಮಗಳ ಹತ್ತಿರ ತಿದ್ದಿಸಿ, ಏನೇನು ಆಗುತ್ತಿದೆ ಅಂತ ಒಂದೂವರೆ ಪುಟ ಬರೆದು ಹಾಕಿದೆ. ಮೊದಲ ಉತ್ತರ ಹತ್ತು ನಿಮಿಷದಲ್ಲಿ ಬಂತು: ಹೊಸ ಆವೃತ್ತಿ ಹಾಕಿಕೊಳ್ಳಿ. ಹಾಕಿಕೊಂಡೆ. ಮಳೆಗಾಲ ಅಲ್ಲದಿದ್ದರೂ ನಮ್ಮ ನೆಟ್ಟು ನೆಟ್ಟಗಿರುವುದಿಲ್ಲ, ಇಳಿಸಿಕೊಳ್ಳಲು ಒಂದು ಇಡೀ ಸಂಜೆ ಹಿಡಿಯಿತು. 11 ಸೆಕೆಂಡು ಹಾಗೇ ಇತ್ತು. ಬಳಕೆದಾರರ ಪ್ರೊಫೈಲ್, ಅಂದರೆ ನಮ್ಮ ಸೆಟ್ಟಿಂಗುಗಳನ್ನು ಇಟ್ಟಿರುವ ಜಾಗ, ಅಳಿಸಿ ನೋಡಿ ಅಂದರು. ಅಳಿಸಿದ್ದಕ್ಕೆ ನಾನು ಕೂರಿಸಿಕೊಂಡಿದ್ದ ಕನ್ನಡ ಫಾಂಟಿನ ಏರ್ಪಾಟೆಲ್ಲ ಹೋಯಿತು. ಗ್ರಾಫಿಕ್ಸ್ ವೇಗವರ್ಧನೆ ಬಂದ್ ಮಾಡಿ ಅಂದರು, ಬಂದ್ ಮಾಡಿದೆ. ತಿರುಗದ ವೇಗದ ಡಿಸ್ಕು, ಎಸ್‌ಎಸ್‌ಡಿ, ಕೊಂಡುಕೊಳ್ಳಿ ಅಂದರು. ಇನ್ನೊಬ್ಬರು, ಲೆಕ್ಕದ ಹಾಳೆಯನ್ನು ಡೇಟಾಬೇಸ್ ಥರ ಬಳಸುವುದೇ ತಪ್ಪು, ಪೋಸ್ಟ್‌ಗ್ರೆಸ್ ಅನ್ನುವ ಡೇಟಾಬೇಸ್ ತಂತ್ರಾಂಶ ಕಲಿಯಿರಿ ಅಂದರು. ಆ ಮಾತಿನಲ್ಲಿ ಸುಳ್ಳಿಲ್ಲ. ಆದರೆ ಮಾರ್ಚ್ ತಿಂಗಳಲ್ಲಿ, ಅಂಗಳದ ತುಂಬ ಚೀಲ ಬಿದ್ದಿರುವಾಗ, ಎದುರು ಜನ ನಿಂತಿರುವಾಗ, ಅದು ನನಗೆ ಉತ್ತರವಾಗುವುದಿಲ್ಲ.

ಆಮೇಲೆ ಒಬ್ಬರು ಸರಿಯಾದ ಮಾತು ಕೇಳಿದರು: ಫೈಲ್ ಕೊಡಿ, ನೋಡುತ್ತೇವೆ. ಹೇಗೆ ಕೊಡಲಿ? ಅದರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಬೆಳೆಗಾರರ ಹೆಸರು, ಊರು, ಬ್ಯಾಂಕ್ ಖಾತೆ, ಯಾರ ಮೇಲೆ ಎಷ್ಟು ಸಾಲ ಅನ್ನುವುದೆಲ್ಲ ಇದೆ. ಊರಿನಲ್ಲಿ ಒಬ್ಬರ ಬಾಕಿ ಇನ್ನೊಬ್ಬರಿಗೆ ಗೊತ್ತಾಗಬಾರದು ಅಂತ ಪಟ್ಟಿಯನ್ನು ಮಡಚಿ ಕೈಗೆ ಕೊಡುವವಳು ನಾನು. ಆದ್ದರಿಂದ ಒಂದು ಭಾನುವಾರ ಕೂತು ನಕಲಿ ಫೈಲ್ ಮಾಡಿದೆ. ಐನೂರು ಸಾಲು, ಸುಳ್ಳು ಹೆಸರು, ಸೂತ್ರ ಮತ್ತು ಅಂಕಿ ಮಾತ್ರ ಎತ್ತಿ ಅಂಟಿಸಿದ್ದು. ಕಳಿಸಿದೆ. ಅವರ ಯಂತ್ರದಲ್ಲಿ ಅದು ಚಕಚಕ ಓಡಿತು. ದೂರಿನ ಮೇಲೆ ಒಂದು ಚೀಟಿ ಬಿತ್ತು: ವರ್ಕ್ಸ್ ಫಾರ್ ಮಿ. ನನ್ನಲ್ಲಿ ಸರಿಯಾಗಿದೆ, ಅಂದರೆ ದೂರು ಮುಗಿಯಿತು.

ಮುಕ್ತ ತಂತ್ರಾಂಶದ ಲೋಕದಲ್ಲಿ ಎಷ್ಟೋ ಕಡೆ ದೂರು ಮುಚ್ಚಲು ಇಟ್ಟುಕೊಂಡಿರುವ ಮಾಮೂಲಿ ಮೊಹರು ಅದು. ಬರೆದವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ ಅಂತ ಗೊತ್ತು. ಆದರೂ ಆ ಮೂರು ಪದ ನೋಡಿದಾಗ ಗಂಟಲು ಕಟ್ಟಿತು. ನಾನು ಹೇಳಿದ್ದು ಸುಳ್ಳು ಅಂತ ಬರೆದ ಹಾಗಿತ್ತು.

ಅದೇ ತಿಂಗಳ 29ಕ್ಕೆ ಒಂದು ಸುದ್ದಿ ಜಗತ್ತನ್ನೆಲ್ಲ ಸುತ್ತಿತು. ಆಂಡ್ರೆಸ್ ಫ್ರಾಯಿಂಡ್ ಅನ್ನುವವರು ಪೋಸ್ಟ್‌ಗ್ರೆಸ್ ಕಟ್ಟುವವರಲ್ಲಿ ಒಬ್ಬರು, ಮೈಕ್ರೋಸಾಫ್ಟಿನ ಎಂಜಿನಿಯರು. ದೂರದಿಂದ ಯಂತ್ರದೊಳಗೆ ಹೋಗಲು ಬಳಸುವ ಎಸ್‌ಎಸ್‌ಎಚ್ ಮೂಲಕ ತಮ್ಮ ಯಂತ್ರಕ್ಕೆ ಲಾಗಿನ್ ಆಗುವಾಗ ಸುಮಾರು ಅರ್ಧ ಸೆಕೆಂಡು ಹೆಚ್ಚಿಗೆ ಹಿಡಿಯುತ್ತಿದೆ ಅನ್ನುವುದು ಅವರ ಗಮನಕ್ಕೆ ಬಂತು. ಅರ್ಧ ಸೆಕೆಂಡು! ಹೋಗಲಿ ಬಿಡು ಅನ್ನದೆ ಎಳೆ ಹಿಡಿದು ಹೋದರು. ಎಕ್ಸ್‌ಝೆಡ್ ಅನ್ನುವ, ಫೈಲುಗಳನ್ನು ಒತ್ತಿ ಸಣ್ಣದು ಮಾಡುವ ತಂತ್ರಾಂಶದೊಳಗೆ ಯಾರೋ ಹುಗಿಸಿಟ್ಟ ಕಳ್ಳಬಾಗಿಲು ಸಿಕ್ಕಿತು. ಇನ್ನೂ ಕೆಲವು ತಿಂಗಳು ಯಾರೂ ನೋಡದಿದ್ದರೆ ಲೆಕ್ಕವಿಲ್ಲದಷ್ಟು ಸರ್ವರುಗಳಿಗೆ ಅದು ಹೊಕ್ಕುಬಿಡುತ್ತಿತ್ತು. ನಿಧಾನ ಅನ್ನುವುದು ಸಣ್ಣ ದೂರಲ್ಲ ಎಂದು ಯಾರಾದರೂ ನನ್ನ ಪರವಾಗಿ ಹೇಳಿದ ಹಾಗಾಯಿತು.

ಆದರೆ ಆ ಕಥೆಗೆ ಇನ್ನೊಂದು ಮಗ್ಗುಲಿದೆ, ಅದನ್ನೂ ಓದಿದೆ. ಎಕ್ಸ್‌ಝೆಡ್ ನೋಡಿಕೊಳ್ಳುತ್ತಿದ್ದದ್ದು ಹೆಚ್ಚುಕಡಿಮೆ ಒಬ್ಬರೇ. ಕೆಲಸ ನಿಧಾನವಾಯಿತು ಅಂತ 2022ರಲ್ಲಿ ಜನ ಅವರನ್ನು ಹರಿದು ತಿಂದಿದ್ದರು. ಇದು ಸಂಬಳವಿಲ್ಲದ ಹವ್ಯಾಸದ ಕೆಲಸ ಅನ್ನುವುದನ್ನು ಆಗಲೇ ಅವರು ನೆನಪಿಸಿದ್ದರು. ಆ ಒತ್ತಡದ ನಡುವೆ ನೆರವಿಗೆ ಬಂದವನ ಹಾಗೆ ಬಂದು ನಂಬಿಕೆ ಗಳಿಸಿದವನೇ ಬಾಗಿಲು ಕೊರೆದದ್ದು. ಓದಿ ಮುಗಿಸಿದ ಮೇಲೆ, ಆ ಗುಂಪಿಗೆ ಅಂತ ಬರೆದಿಟ್ಟುಕೊಂಡಿದ್ದ ಸಿಟ್ಟಿನ ಉತ್ತರವನ್ನು ಅಳಿಸಿದೆ. ನನಗೆ ಉತ್ತರ ಕೊಟ್ಟವರೂ ತಮ್ಮ ಮನೆಯಲ್ಲಿ ಊಟ ಮುಗಿಸಿ ಕೂತು, ಯಾರೂ ದುಡ್ಡು ಕೊಡದೆ, ಕಾಣದ ಊರಿನ ಅಡಿಕೆ ಲೆಕ್ಕ ನೋಡಿದವರೇ. ದೂರು ಬಿಡಲಿಲ್ಲ, ಮಾತಿನ ಖಾರ ಬಿಟ್ಟೆ. ಫೈಲಿನಲ್ಲಿ ಏನಿದೆ, ಯಾಕೆ ಕೊಡಲಾಗುವುದಿಲ್ಲ ಅನ್ನುವುದನ್ನು ಮತ್ತೊಮ್ಮೆ ಬಿಡಿಸಿ ಬರೆದೆ.

ಐದು ದಿನ ಬಿಟ್ಟು ಒಬ್ಬರು ಬರೆದರು. ಯಾವ ದೇಶದವರೋ, ಇವತ್ತಿಗೂ ಗೊತ್ತಿಲ್ಲ. ಫೈಲ್ ಕೊಡುವುದು ಬೇಡ, ನೀವೇ ಒಳಗೆ ನೋಡಿ ಹೇಳಿ ಅಂದರು. ನನ್ನ ಲೆಕ್ಕದ ಹಾಳೆ ಉಳಿಯುವುದು ಓಡಿಎಫ್ ಅನ್ನುವ ಬಗೆಯ ಫೈಲಿನಲ್ಲಿ, ಅದು ಅಸಲಿಗೆ ಒಂದು ಜಿಪ್ ಗಂಟು. ಪ್ರತಿಯೊಂದನ್ನು ಮಾಡಿಕೊಂಡು, ಬಾಲದ ಹೆಸರು ಜಿಪ್ ಅಂತ ಬದಲಿಸಿ ಬಿಚ್ಚಿದರೆ, ಒಳಗೆ ಕಂಟೆಂಟ್ ಅನ್ನುವ ಎಕ್ಸ್‌ಎಮ್‌ಎಲ್ ಫೈಲಿನಲ್ಲಿ ಎಲ್ಲವೂ ಅಕ್ಷರದಲ್ಲೇ ಇರುತ್ತದೆ. ಬಿಚ್ಚಿದೆ. ಅಡಿಕೆ ಲೆಕ್ಕ ಮುಗಿದ ಮೇಲೂ ಫೈಲ್ ಮುಗಿಯಲಿಲ್ಲ. ಕೆಳಗೆ ಒಂದೇ ಥರದ ಸಾಲುಗಳು, ಬೆರಳು ಸೋಲುವವರೆಗೆ. ಎಲ್ಲದರಲ್ಲೂ ಅದೇ ಮಾತು: ಬಾಕಿ ಸೊನ್ನೆಗಿಂತ ಕಡಿಮೆಯಾದರೆ ಕೆಂಪು ಬಣ್ಣ. ಎಣಿಸಿದರೆ 3,900ರ ಮೇಲಿತ್ತು.

ಅದು ನಾನೇ ಹಾಕಿದ್ದ ನಿಯಮ, 2019ರಲ್ಲಿ, ಒಂದೇ ಒಂದು. ದಿನಾ ಹಿಂದಿನ ದಿನದ ಸಾಲನ್ನು ಬೇಕಾದಷ್ಟು ಸಲ ನಕಲು ಮಾಡಿ ಕೆಳಗೆ ಅಂಟಿಸಿ, ಅಂಕಿ ಬದಲಿಸುವುದು ನನ್ನ ರೂಢಿ. ಹಾಗೆ ಅಂಟಿಸಿದಾಗ ಸಾಲಿನ ಜೊತೆ ಬಣ್ಣದ ನಿಯಮವೂ ಬಂದು, ಹಳೆಯದರ ಜೊತೆ ಕೂಡಿಕೊಳ್ಳದೆ ಬೇರೆಯೇ ಆಗಿ ಉಳಿದಿತ್ತು. ಒಂದೊಂದು ಎಂಟರ್‌ಗೂ ಯಂತ್ರ ಅವನ್ನೆಲ್ಲ ತಡಕಾಡುತ್ತಿತ್ತು. ನಕಲಿ ಫೈಲಿಗೆ ನಾನು ಬಣ್ಣ ಬಿಟ್ಟು ಅಂಕಿ ಮಾತ್ರ ಎತ್ತಿದ್ದೆ, ರೋಗ ಅಲ್ಲಿಗೆ ಹೋಗಿರಲೇ ಇಲ್ಲ. ಅವರ ಯಂತ್ರದಲ್ಲಿ ಸರಿಯಾಗಿದ್ದದ್ದು ಅದಕ್ಕೇ.

ಎಲ್ಲ ನಿಯಮ ಅಳಿಸಿ, ಇಡೀ ಕಾಲಮ್ಮಿಗೆ ಒಂದೇ ನಿಯಮ ಹಾಕಿದೆ. 11 ಇದ್ದದ್ದು 2ಕ್ಕೆ ಇಳಿಯಿತು. ಉಳಿದ ಆ ಎರಡಕ್ಕೂ ಅವರೇ ದಾರಿ ಹೇಳಿದರು. ಬಡ್ಡಿ ಲೆಕ್ಕಕ್ಕೆ ನಾನು ಟುಡೇ ಅನ್ನುವ ಸೂತ್ರ ಬಳಸಿದ್ದೆ, ಇವತ್ತಿನ ತಾರೀಕು ತಾನಾಗಿ ಬರಲಿ ಅಂತ. ಅಂಥ ಸೂತ್ರ ಹಾಳೆಯಲ್ಲಿ ಎಲ್ಲೇ ಏನೇ ಬದಲಾದರೂ ಮತ್ತೆ ಲೆಕ್ಕವಾಗುತ್ತದೆ, ಅದನ್ನು ನೆಚ್ಚಿಕೊಂಡ ಸಾಲುಗಳೂ ಜೊತೆಗೆ ಏಳುತ್ತವೆ. ಹಮಾಲಿಯ ನಲವತ್ತು ರೂಪಾಯಿ ಹೊಡೆದರೂ ಸಾವಿರಾರು ಜನರ ಬಡ್ಡಿ ಹೊಸದಾಗಿ ಕೂಡಿ ಬರಬೇಕಿತ್ತು. ಈಗ ಬೆಳಿಗ್ಗೆ ದೇವರಿಗೆ ಊದುಬತ್ತಿ ಹಚ್ಚಿದ ಮೇಲೆ ತಾರೀಕನ್ನು ಒಂದು ಮನೆಯಲ್ಲಿ ಕೈಯಾರೆ ಬರೆಯುತ್ತೇನೆ. ಎಂಟರ್ ಒತ್ತುವುದರೊಳಗೆ ಅಂಕಿ ಕೂತಿರುತ್ತದೆ.

ನನಗೆ ಹೇಳಬೇಕಾಗಿರುವುದು ಇಷ್ಟು. ಮೊದಲ ಎಂಟು ಉತ್ತರಗಳಲ್ಲಿ ಒಂದೂ ನನ್ನನ್ನು ಪ್ರಶ್ನೆ ಕೇಳಲಿಲ್ಲ, ಎಲ್ಲವೂ ಮಾಡು ಅಂದವು. ಮಾಡಿದ್ದು ಫಲ ಕೊಡದಿದ್ದಾಗ ತಪ್ಪು ನನ್ನ ಯಂತ್ರದ್ದೋ ನನ್ನದೋ ಆಯಿತು. ಕಡೆಗೆ ಬಂದವರು ಹುಷಾರಿಲ್ಲದ ಮಗುವನ್ನು ನೋಡುವ ಹಳೇ ಕಾಲದ ವೈದ್ಯರ ಹಾಗೆ, ಏನು ತಿಂದೆ, ಯಾವತ್ತಿಂದ, ಎಲ್ಲಿ ನೋವು ಅಂತ ಕೇಳುತ್ತ ಹೋದರು. ತಿಳಿವಳಿಕೆ ಆ ಗುಂಪಿನಲ್ಲಿ ಎಲ್ಲರಿಗೂ ಇತ್ತು. ನನ್ನ ಮಾತು ನಿಜವಿರಬಹುದು ಅಂತ ಕೂತು ಕೇಳಿದವರು ಒಬ್ಬರೇ. ಇದೆಲ್ಲ ಕನ್ನಡದಲ್ಲಿ ಒಂದು ಕಡೆ ಬರೆದಿದ್ದರೆ ನನಗೆ ಎರಡು ಸುಗ್ಗಿ ಉಳಿಯುತ್ತಿತ್ತು ಅನ್ನುವ ನೋವು ಬೇರೆ. ಒಂದು ಸುಗ್ಗಿ ಎಳೆದಾಡಿದ್ದು, ಇನ್ನೊಂದು ನರಳಿದ್ದು.

ಹಾಗಾಗಿ ನಿಯಮ ಅಳಿಸುವುದು ಹೇಗೆ, ಬರೀ ಅಂಕಿ ಅಂಟಿಸುವುದು ಹೇಗೆ, ತಾರೀಕಿನ ಮನೆ ಇಡುವುದು ಹೇಗೆ ಅಂತ ಪರದೆಯ ಚಿತ್ರದ ಸಮೇತ ಕನ್ನಡದಲ್ಲಿ ಬರೆದು, ಗುರುತಿನ ಮಂಡಿಗಳವರಿಗೆ ಕಳಿಸಿದೆ. ನನ್ನ ಮುಚ್ಚಿದ ದೂರನ್ನೂ ಮತ್ತೆ ತೆರೆಸಿದೆ. ಈ ಸಲ ನಕಲಿ ಫೈಲಿನೊಳಗೆ ರೋಗವೂ ಇತ್ತು, ದಿನಾ ಅಂಟಿಸಿದ ಹಾಗೇ ನೂರಾರು ಸಲ ಅಂಟಿಸಿ ಮಾಡಿದ್ದು. ಮುಚ್ಚಿದವರೇ ಬಂದು, ಹೌದು, ನನ್ನಲ್ಲೂ ನಿಧಾನವಾಗುತ್ತಿದೆ, ಮೊದಲೇ ಕೇಳಬೇಕಿತ್ತು ಅಂತ ಬರೆದರು. ಅದನ್ನು ಓದಿ ಮನಸ್ಸು ಹಗುರಾಯಿತು.

ಮೊನ್ನೆ ತೀರ್ಥಹಳ್ಳಿ ಕಡೆಯ ಒಂದು ಮಂಡಿಯ ಹುಡುಗ ಫೋನ್ ಮಾಡಿದ್ದ. “ಅಕ್ಕಾ, ನೀವು ಹೇಳಿದ ಹಾಗೇ ಬಣ್ಣ ಎಲ್ಲ ತೆಗೆದೆ, ಆದ್ರೂ ನಿಧಾನ. ಸಿಸ್ಟಮ್ಮೇ ಬದಲಿಸ್ಬೇಕಾ?” ಅಂದ. ಬದಲಿಸೋದು ಆಮೇಲೆ ನೋಡೋಣ, ಯಾವ ಮನೇಲಿ ಎಂಟರ್ ಒತ್ತಿದ್ರೆ ನಿಲ್ಲುತ್ತೆ, ಎಷ್ಟು ಎಣಿಸೋವಷ್ಟು ಹೊತ್ತು, ಎಂದಿನಿಂದ ಶುರುವಾಯ್ತು, ಹೇಳು ಅಂದೆ. ಒಂದು ನಿಮಿಷ ಅಂತ ಫೋನನ್ನು ಮೇಜಿನ ಮೇಲಿಟ್ಟ. ಅತ್ತ ಕೀಲಿ ಒತ್ತಿದ ಸದ್ದು, ಆಮೇಲೆ ಅವನು ಮೆಲ್ಲಗೆ ಎಣಿಸುವುದು ಕೇಳಿಸಿತು. ಒಂದು, ಎರಡು, ಮೂರು.