ಬಾನೆಟ್ ಮೇಲಿನ ಕುಂಕುಮ

ಬೆಳಿಗ್ಗೆ ಏಳೂಕಾಲಿಗೆ ಮಗಳ ಕೈ ಹಿಡಿದುಕೊಂಡು ಕೆಳಗಿಳಿದರೆ ನಮ್ಮ ಜಾಗದಲ್ಲಿ ಕಾರಿಲ್ಲ. ಆಯಿಲ್ ತೊಟ್ಟಿಕ್ಕಿ ಆಗಿದ್ದ ಕಪ್ಪು ಕಲೆ ಮಾತ್ರ ಇತ್ತು. 2014ರ ಅಕ್ಟೋಬರ್, ಸೋಮವಾರ. ನಾವಾಗ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿದ್ದೆವು.

ಹೆಂಡತಿ ತಗೊಂಡು ಹೋಗಿರಬೇಕು ಅಂದುಕೊಂಡೆ. ಅವಳು ಮೇಲೆ ದೋಸೆ ಹಾಕುತ್ತಿದ್ದಳು, ಈಗ ತಾನೇ ಅವಳ ಕೈಯಿಂದಲೇ ದೋಸೆ ತಿಂದು ಇಳಿದಿದ್ದೆ. ಆದರೂ ಫೋನ್ ಮಾಡಿ "ಕಾರು ನೀನು ತಗೊಂಡ್ಯಾ?" ಅಂತ ಕೇಳಿದೆ. ಆ ಹೊತ್ತಲ್ಲಿ ತಲೆ ಹಾಗೇ ಓಡುತ್ತದೆ.

ಆಮೇಲೆ ಟೋ ಮಾಡಿರಬಹುದು ಅನ್ನಿಸಿತು. ಅಪಾರ್ಟ್‌ಮೆಂಟಿನ ಗೇಟಿನ ಬೋರ್ಡಿನಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. ರಾತ್ರಿ ಇಲ್ಲಿಂದ ಯಾವ ಗಾಡಿಯನ್ನೂ ಎತ್ತಿಲ್ಲ ಅಂದರು. ಇನ್ನುಳಿದಿದ್ದು ಪೊಲೀಸ್. 911ಕ್ಕೆ ಮಾಡುವಷ್ಟು ದೊಡ್ಡ ಸಂಗತಿಯಲ್ಲ ಅಂತ ತುರ್ತಲ್ಲದ ದೂರಿನ ನಂಬರ್ ಹುಡುಕಿ ಮಾಡಿದೆ.

ಪೊಲೀಸ್ ಅಂದರೆ ನನಗೆ ನೆನಪಾಗುವುದು ಅಪ್ಪನ ಸ್ಕೂಟರ್. ನಾನು ಹೈಸ್ಕೂಲಿನಲ್ಲಿದ್ದಾಗ ಅದು ಕಳುವಾಗಿತ್ತು. ದೂರು ಬರೆಸಿಕೊಳ್ಳುವಷ್ಟರಲ್ಲಿ ಅಪ್ಪ ಮೂರು ದಿನ ಅಲೆದಿದ್ದರು. ಸ್ಕೂಟರ್ ಸಿಗಲೇ ಇಲ್ಲ. ಹಾಗಾಗಿ ಮುಕ್ಕಾಲು ಗಂಟೆಯಲ್ಲಿ ಒಬ್ಬ ಪೊಲೀಸ್ ಅಧಿಕಾರಿ ನಮ್ಮ ಮನೆ ಬಾಗಿಲು ತಟ್ಟಿದಾಗ, ಏನೋ ತಪ್ಪು ಮಾಡಿದವನ ಹಾಗೆ ಎದ್ದು ನಿಂತೆ.

ಆತ ಕೇಳಿದ ಪ್ರಶ್ನೆಗಳೂ ಹಾಗೇ ಇದ್ದವು. ಕಾರಿನ ಕಂತು ಬಾಕಿ ಇದೆಯಾ? ಯಾರಿಗಾದರೂ ಸಾಲ ಕೊಡಬೇಕಾ? ಗೆಳೆಯರಿಗೆ ಕೀ ಕೊಟ್ಟಿದ್ದೀರಾ? ಗಂಡ ಹೆಂಡತಿ ಜಗಳ ಏನಾದರೂ? ನನಗೆ ಸ್ವಲ್ಪ ಕೋಪವೇ ಬಂತು. ಕಂತು ಕಟ್ಟದಿದ್ದರೆ ಬ್ಯಾಂಕಿನ ಕಡೆಯವರು ರಾತ್ರೋರಾತ್ರಿ ಗಾಡಿ ಎತ್ತಿಕೊಂಡು ಹೋಗುತ್ತಾರೆ, ಎಷ್ಟೋ ಜನ ಅದನ್ನೇ ಕಳ್ಳತನ ಅಂದುಕೊಂಡು ಕರೆಯುತ್ತಾರೆ ಅಂತ ಆತನೇ ವಿವರಿಸಿದ. ನಮ್ಮದು 1996ರ ಜಪಾನಿ ಕಾರು, 2,200 ಡಾಲರಿಗೆ ನಗದು ಕೊಟ್ಟು ಕೊಂಡದ್ದು. ಅದಕ್ಕೆ ಯಾವ ಬ್ಯಾಂಕು ಸಾಲ ಕೊಡುತ್ತದೆ? ಹಳೆ ಗಾಡಿ ಅಂತ ಕನಿಷ್ಠ ವಿಮೆ ಮಾತ್ರ ಮಾಡಿಸಿದ್ದೆ. ಅದರಲ್ಲಿ ಕಳ್ಳತನಕ್ಕೆ ಒಂದು ಪೈಸೆಯೂ ಬರುವುದಿಲ್ಲ.

"ಗುರುತು ಹಿಡಿಯುವಂಥದ್ದು ಏನಾದರೂ ಇದೆಯಾ? ಡೆಂಟು, ಸ್ಟಿಕ್ಕರು?"

ನಾನು ಹೆಂಡತಿಯ ಮುಖ ನೋಡಿದೆ. ಆಯುಧಪೂಜೆ ಮುಗಿದು ಎರಡು ವಾರವಾಗಿತ್ತು. ಅರಿಶಿನ ಕುಂಕುಮ ಇನ್ನೂ ಬಾನೆಟ್ ಮೇಲೇ ಇತ್ತು, ಮಳೆ ಬಂದಿರಲಿಲ್ಲವಲ್ಲ. ಊರಿನಲ್ಲಾದರೆ ಸ್ವಸ್ತಿಕ ಬರೆಯುತ್ತಿದ್ದೆವು. ಅಮೆರಿಕದಲ್ಲಿ ಅದನ್ನು ನೋಡಿದವರಿಗೆ ಹಿಟ್ಲರ್ ನೆನಪಾಗುತ್ತಾನೆ. ಅದಕ್ಕೇ ಅವಳು ಕನ್ನಡದಲ್ಲಿ ದೊಡ್ಡದಾಗಿ ಓಂ ಬರೆದಿದ್ದಳು. ಅದನ್ನೆಲ್ಲ ಹೇಳಿದೆ. ಆತ ನಗಲಿಲ್ಲ. "ಬಾನೆಟ್ ಮೇಲೆ ಕೆಂಪು ಮತ್ತು ಹಳದಿ ಪುಡಿ, ವಿದೇಶಿ ಅಕ್ಷರ" ಅಂತ ಗಂಭೀರವಾಗಿ ಬರೆದುಕೊಂಡ.

ಸಹಿ ಹಾಕಿಸಿಕೊಂಡ. ಸುಳ್ಳು ದೂರು ಕೊಟ್ಟರೆ ಅದೇ ಅಪರಾಧ ಅಂತ ನೆನಪಿಸಿದ. ಕೇಸ್ ನಂಬರ್ ಬರೆದ ಚೀಟಿ ಕೊಟ್ಟು, ನಿಮ್ಮ ಪ್ಲೇಟ್ ನಂಬರ್ ಇವತ್ತೇ ಎನ್‌ಸಿಐಸಿಗೆ ಹೋಗುತ್ತದೆ ಅಂದ. ಅದು 1967ರಿಂದ ಎಫ್‌ಬಿಐ ನಡೆಸುತ್ತಿರುವ ಕಡತ. ದೇಶದ ಯಾವ ಮೂಲೆಯ ಪೊಲೀಸ್ ಆ ನಂಬರ್ ಹಾಕಿ ನೋಡಿದರೂ ಕದ್ದ ಗಾಡಿ ಅಂತ ತೋರಿಸುತ್ತದೆ. ಕದ್ದದ್ದು ಹೇಗೆ ಅಂತಲೂ ಅವನೇ ಹೇಳಿದ. ಗಾಜಿನ ಚೂರು ಎಲ್ಲೂ ಬಿದ್ದಿರಲಿಲ್ಲ. ಆ ಕಾಲದ ಕಾರುಗಳ ಕೀಯಲ್ಲಿ ಚಿಪ್ ಇರುವುದಿಲ್ಲ. ಬೀಗವೂ ಸವೆದಿರುತ್ತದೆ. ಯಾವುದೋ ಹಳೆ ಕೀಯನ್ನು ಅರದಿಂದ ಉಜ್ಜಿ, ಒಳಗೆ ಹಾಕಿ ಅಲ್ಲಾಡಿಸಿದರೆ ತಿರುಗಿಬಿಡುತ್ತದಂತೆ.

ಮುಂದಿನ ನಾಲ್ಕು ದಿನದ ಕಷ್ಟ ನಾನು ಊಹಿಸಿದ್ದಲ್ಲ. ಆಫೀಸಿಗೆ ಗೆಳೆಯರ ಕಾರಿದೆ, ಬಸ್ಸಿದೆ. ಆದರೆ ಮಗಳನ್ನು ಕೂರಿಸಿ ಬೆಲ್ಟ್ ಹಾಕುವ ಮಕ್ಕಳ ಸೀಟ್ ಕಾರಿನಲ್ಲೇ ಹೋಗಿತ್ತು. ಎಂಟು ವರ್ಷದೊಳಗಿನ ಮಕ್ಕಳನ್ನು ಅಂಥ ಸೀಟಿಲ್ಲದೆ ಯಾರ ಕಾರಿನಲ್ಲೂ ಕೂರಿಸುವ ಹಾಗಿಲ್ಲ, ಅಲ್ಲಿನ ಕಾನೂನು. ಅವಳಿಗೆ ನಾಲ್ಕು ವರ್ಷ. ಡ್ರಾಪ್ ಕೊಡ್ತೀನಿ ಅಂದವರಿಗೆಲ್ಲ ಬೇಡ ಅಂದು, ದಿನಾ ಎರಡು ಮೈಲಿ ಅವಳನ್ನು ನಡೆಸಿಕೊಂಡು ಹೋಗುತ್ತಿದ್ದೆ. ಅರ್ಧ ದಾರಿಯಿಂದ ಹೆಗಲ ಮೇಲೆ.

ಗುರುವಾರ ಒಂದು ಸುಳಿವು ಸಿಕ್ಕಿತು. ಈಗ ನಮ್ಮೂರಲ್ಲಿ ಫಾಸ್ಟ್ಯಾಗ್ ಇದೆಯಲ್ಲ, ಅಂಥದ್ದೇ ಒಂದು ಡಬ್ಬಿ ಕಾರಿನ ಗಾಜಿಗೆ ಅಂಟಿಸಿದ್ದೆ. ಸುಮ್ನೆ ಅದರ ಖಾತೆ ತೆಗೆದು ನೋಡಿದರೆ ಮಂಗಳವಾರ ರಾತ್ರಿ ಎರಡು ಗಂಟೆಗೆ ಐದು ಡಾಲರ್ ಕಡಿತವಾಗಿದೆ. ಸ್ಯಾನ್ ಮಟೇಯೊ ಸೇತುವೆ. ಹನ್ನೊಂದು ಕಿಲೋಮೀಟರ್ ಉದ್ದದ ಸೇತುವೆಯನ್ನು ಕಳ್ಳ ನಮ್ಮ ದುಡ್ಡಲ್ಲಿ ದಾಟಿದ್ದ. "ಪಾಪ, ಟೋಲ್ ತಪ್ಪಿಸಿಲ್ಲ ನೋಡ್ರೀ" ಅಂದಳು ಹೆಂಡತಿ. ಪೊಲೀಸರಿಗೆ ತಿಳಿಸಿದೆ, ಬರೆದುಕೊಂಡರು. ಆ ಸೇತುವೆಯಲ್ಲಿ ಟೋಲ್ ಇರುವುದು ಪಶ್ಚಿಮಕ್ಕೆ ಹೋಗುವಾಗ ಮಾತ್ರ, ವಾಪಸ್ ಬಂದರೆ ಲೆಕ್ಕವೇ ಇರುವುದಿಲ್ಲ. ಅಂದರೆ ಸುಳಿವಿನಿಂದ ಏನೂ ಉಪಯೋಗವಾಗಲಿಲ್ಲ.

ಶುಕ್ರವಾರ ಬೆಳಗಿನ ಜಾವ ಐದೂ ನಲವತ್ತಕ್ಕೆ ಫೋನ್. ಸ್ಯಾನ್ ಲಿಯಾಂಡ್ರೊ ಪೊಲೀಸ್, ಹೆಂಗಸಿನ ದನಿ. "ನಿಮ್ಮ ಕಾರಿನ ಪಕ್ಕ ನಿಂತಿದ್ದೇನೆ. ಅರ್ಧ ಗಂಟೆಯಲ್ಲಿ ಬರೋದಾದ್ರೆ ಕಾಯ್ತೀನಿ. ಇಲ್ಲಾಂದ್ರೆ ಟೋ ಮಾಡಿಸ್ಬೇಕು." ಟೋ ಆದರೆ ಎತ್ತಿದ್ದಕ್ಕೆ ಒಂದು ಬಿಲ್ಲು, ಯಾರ್ಡಿನಲ್ಲಿ ಇಟ್ಟುಕೊಂಡಿದ್ದಕ್ಕೆ ದಿನದ ಲೆಕ್ಕದಲ್ಲಿ ಇನ್ನೊಂದು. ಕಟ್ಟಬೇಕಾದವನು ಕಳಕೊಂಡವನೇ.

ಪಕ್ಕದ ಬ್ಲಾಕಿನ ಕುಂದಾಪುರದ ಗೆಳೆಯನನ್ನು ಎಬ್ಬಿಸಿದೆ. "ಎಂತ ಮಾರಾಯ ಇಷ್ಟೊತ್ತಿಗೆ" ಅನ್ನುತ್ತಲೇ ಲುಂಗಿಯ ಮೇಲೆ ಜಾಕೆಟ್ ಹಾಕಿಕೊಂಡು ಬಂದ. 880 ಹೆದ್ದಾರಿಯಲ್ಲಿ ಆ ಹೊತ್ತಿಗೂ ಲಾರಿಗಳ ಸಾಲು. ಓಕ್ಲೆಂಡ್ ದಾಟುವ 580ರಲ್ಲಿ ದೊಡ್ಡ ಲಾರಿಗಳನ್ನು ಬಿಡುವುದಿಲ್ಲ, ಎಲ್ಲವೂ ಇದರ ಮೇಲೇ ಬರುತ್ತವೆ. ಮೂವತ್ತು ಕಿಲೋಮೀಟರಿಗೆ ಮೂವತ್ತೈದು ನಿಮಿಷ ಬೇಕಾಯಿತು. ಆಕೆ ಕಾದಿದ್ದರು.

ಗೋದಾಮುಗಳ ನಡುವಿನ ಒಂದು ಗಲ್ಲಿ. ಕಾರು ಬೇಲಿಗೆ ಒತ್ತಿಕೊಂಡು ನಿಂತಿತ್ತು. "ಗಸ್ತು ಬಂದಾಗ ಒಂಟಿ ಕಾರು ಕಂಡಿತು, ಪ್ಲೇಟ್ ಹಾಕಿ ನೋಡಿದೆ" ಅಂದರು. ಅಷ್ಟೇ ಪತ್ತೇದಾರಿಕೆ. ಆಮೇಲೆ ಟಾರ್ಚನ್ನು ಬಾನೆಟ್ ಮೇಲೆ ಬಿಟ್ಟು, "ಪುಡಿಯೂ ಇದೆ" ಅಂದರು, ರಿಪೋರ್ಟನ್ನು ಪೂರ್ತಿ ಓದಿಕೊಂಡು ಬಂದಿದ್ದರು.

ಮುಂದಿನ ಸೀಟು ಪೂರ್ತಿ ಹಿಂದಕ್ಕೆ ಹೋಗಿತ್ತು. ಕಳ್ಳ ನನಗಿಂತ ತುಂಬ ಉದ್ದ ಇರಬೇಕು. ರೇಡಿಯೋ ಇರುವ ಜಾಗದಲ್ಲಿ ವೈರು. ಸ್ಟೆಪ್ನಿ ಇಲ್ಲ, ಜಾಕ್ ಇಲ್ಲ. ಡಿಕ್ಕಿಯಲ್ಲಿ ಭಾನುವಾರ ತಂದು ಇಳಿಸಲು ಮರೆತಿದ್ದ ಇಪ್ಪತ್ತು ಪೌಂಡಿನ ಸೋನಾ ಮಸೂರಿ ಚೀಲ ಹಾಗೇ ಇತ್ತು. ಮಗಳ ಸೀಟನ್ನು ಬೆಲ್ಟ್ ಬಿಚ್ಚಿ ತೆಗೆದು, ಅಕ್ಕಿಯ ಪಕ್ಕದಲ್ಲಿ ನೀಟಾಗಿ ಇಟ್ಟಿದ್ದ. ಎಸೆಯಬಹುದಿತ್ತಲ್ಲ, ಯಾಕೆ ಎಸೆಯಲಿಲ್ಲವೋ. ಆಕೆ ಬಾಗಿಲಿಗೆ, ಕನ್ನಡಿಗೆ ಕಪ್ಪು ಪುಡಿ ಬಳಿದು ಬೆರಳಚ್ಚು ನೋಡಿದರು. ಒರೆಸಿಬಿಟ್ಟಿದ್ದಾನೆ ಅಂದರು.

ನನ್ನ ಕೀ ಹಾಕಿದೆ. ಸ್ಟಾರ್ಟ್ ಆಯಿತು! ಗೇರಿಗೆ ಕೈ ಹಾಕಿದ್ದೇ ತಡ, ಆಕೆ ಬಾನೆಟ್ ತಟ್ಟಿ ನಿಲ್ಲಿಸಿದರು.

"ಈಗಲೇ ಹೊರಡ್ಬೇಡಿ. ಕಂಪ್ಯೂಟರಿನಲ್ಲಿ ಇದು ಇನ್ನೂ ಕದ್ದ ಕಾರು."

ಆ ಪಟ್ಟಿಯಿಂದ ನಂಬರ್ ಹೋಗುವ ಮುಂಚೆ ರಸ್ತೆಗಿಳಿದರೆ, ಮುಂದಿನ ಊರಿನ ಪೊಲೀಸ್ ನನ್ನನ್ನೇ ಕಳ್ಳ ಅಂದುಕೊಳ್ಳುತ್ತಾನೆ. ಹಿಂದೆ ಮೂರು ನಾಲ್ಕು ಗಾಡಿ, ಕೈಯಲ್ಲಿ ಗನ್ನು, ಕೈ ಎತ್ತಿಕೊಂಡು ಹಿಮ್ಮುಖವಾಗಿ ನಡೆದು ಬಾ ಅಂತ ಮೈಕಿನಲ್ಲಿ ಆಜ್ಞೆ. ಆಕೆ ಇದನ್ನು ಹವಾಮಾನ ಹೇಳಿದಷ್ಟು ಸಲೀಸಾಗಿ ಹೇಳಿದರು. ನನಗೆ ಬೆವರು ಬಂತು. ಅಪ್ಪನ ಕಾಲದಲ್ಲಿ ದೂರು ಕಡತಕ್ಕೆ ಹತ್ತುವುದೇ ಕಷ್ಟ ಇತ್ತು. ಇಲ್ಲಿ ಹತ್ತಿದ್ದು ಇಳಿಯಲು ಕಾಯಬೇಕು.

ದೂರು ದಾಖಲಾಗಿದ್ದು ಫ್ರೀಮಾಂಟಿನಲ್ಲಿ. ಸ್ಯಾನ್ ಲಿಯಾಂಡ್ರೊದವರು ಅವರಿಗೆ ಹೇಳಬೇಕು, ಅವರು ತೆಗೆಯಬೇಕು. ಇಪ್ಪತ್ತೈದು ನಿಮಿಷ ನನ್ನದೇ ಕಾರಿನಲ್ಲಿ ಕೈ ಕಟ್ಟಿ ಕೂತೆ. ಗೆಳೆಯ ಫುಟ್‌ಪಾತಿನಲ್ಲಿ ಲುಂಗಿ ಎತ್ತಿಕಟ್ಟಿ ಅಡ್ಡಾಡುತ್ತಿದ್ದ. ಆಕೆ ಅವನನ್ನು ಒಂದೆರಡು ಸಲ ನೋಡಿದರು, ಏನೂ ಕೇಳಲಿಲ್ಲ. ಕೊನೆಗೆ ರೇಡಿಯೋದಲ್ಲಿ ಏನೋ ಗೊರಗೊರ ಅಂತು. "ಕ್ಲಿಯರ್" ಅಂದು, ಕಾರು ಸಿಕ್ಕಿದೆ ಅನ್ನುವ ಕಾಗದಕ್ಕೆ ಸಹಿ ಹಾಕಿ ಕೊಟ್ಟರು. "ಕೆಲವು ದಿನ ಇದು ಜೊತೆಗಿರಲಿ."

ಮನೆ ತಲುಪುವವರೆಗೂ ವೇಗ ಗಂಟೆಗೆ ಐವತ್ತೈದು ಮೈಲಿ ದಾಟಲಿಲ್ಲ. ಗಸ್ತಿನ ಕಾರು ಕಂಡಾಗೆಲ್ಲ ಎರಡೂ ಕೈ ಸ್ಟಿಯರಿಂಗ್ ಮೇಲೆ.

ಅಮ್ಮನಿಗೆ ಫೋನ್ ಮಾಡಿದರೆ, "ಪೂಜೆ ಮಾಡಿದ್ದಕ್ಕೇ ಸಿಕ್ತು ನೋಡು" ಅಂದಳು. ಗೆಳೆಯ ಮಾತ್ರ, ಪೂಜೆ ಮಾಡಿದ ಮೇಲೂ ಹೋಯಿತಲ್ಲ ಅಂತ ಇವತ್ತಿಗೂ ರೇಗಿಸುತ್ತಾನೆ. ಕುಂಕುಮ ಒಂದೇ ಸಲಕ್ಕೆ ತೊಳೆದುಹೋಯಿತು. ಬೆರಳಚ್ಚಿನ ಕಪ್ಪು ಪುಡಿ ಮೂರು ಸಲ ತೊಳೆದರೂ ಬಾಗಿಲ ಸಂದಿಯಲ್ಲಿ ಹಾಗೇ ಇತ್ತು.

2017ರಲ್ಲಿ ಕಾರು ಮಾರಿದೆ. ಕೊಂಡ ಹುಡುಗ ಗ್ಲೋವ್ ಬಾಕ್ಸಿನಿಂದ ಮಡಚಿ ಮಡಚಿ ಹರಿದಿದ್ದ ಕಾಗದ ತೆಗೆದು ಇದೇನು ಅಂದ. ಹೇಳಿದೆ. ಮಾಸಿದ ಆ ಸಹಿಯನ್ನು ಸ್ವಲ್ಪ ಹೊತ್ತು ನೋಡಿ, ಅದನ್ನೂ ಕಾರಿನ ಪತ್ರದ ಜೊತೆಗೇ ಜೇಬಿಗೆ ಹಾಕಿಕೊಂಡ.