ತಟ್ಟಿ ನೋಡಿದ ಹಂಚು

ಅಪ್ಪನದು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ವ್ಯಾಪಾರ. 1865ರಲ್ಲಿ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ ತನ್ನ ಮೊದಲ ಹಂಚಿನ ಕಾರ್ಖಾನೆ ತೆರೆದದ್ದೂ ಇಲ್ಲಿಯೇ. ಒಳ್ಳೆಯ ಹಂಚನ್ನು ಗೆಣ್ಣಿನಿಂದ ತಟ್ಟಿದರೆ ಕಂಚಿನಂತೆ ಠಣ್ಣೆನ್ನುತ್ತದೆ. ಬಿರುಕಿದ್ದರೆ ಸದ್ದು ಮೊದ್ದಾಗುತ್ತದೆ. ಮೊದ್ದು ಹಂಚನ್ನೆಲ್ಲ ಅಪ್ಪ ಬದಿಗಿಡುತ್ತಿದ್ದರು. ನಷ್ಟ ನೋಡಿ ಅಮ್ಮ ಗೊಣಗುತ್ತಿದ್ದರು.

ಅಪ್ಪನ ನಂತರ ಅಂಗಡಿ ನನ್ನ ಪಾಲಿಗೆ ಬಂತು. ಅಷ್ಟರಲ್ಲಿ ಊರಿಗೆಲ್ಲ ಕಾಂಕ್ರೀಟ್ ತಾರಸಿ. ಒಬ್ಬ ಗುತ್ತಿಗೆದಾರ ಎರಡನೇ ದರ್ಜೆಯ ಹಂಚಿಗೆ ಮೊದಲ ದರ್ಜೆಯ ಬಿಲ್ಲು ಕೇಳಿದ. ನನ್ನ ಮಗಳ ಕಾಲೇಜು ಶುಲ್ಕ ಬಾಕಿಯಿತ್ತು. ಆ ರಾತ್ರಿ ಬೈಬಲಿನ ಜ್ಞಾನೋಕ್ತಿಗಳ 22ನೇ ಅಧ್ಯಾಯ ತೆರೆದೆ. ಮೊದಲ ವಚನವೇ ಐಶ್ವರ್ಯಕ್ಕಿಂತ ಒಳ್ಳೆಯ ಹೆಸರು ಮೇಲೆನ್ನುತ್ತದೆ. ದಾರಿ ತೋರಿಸು ದೇವರೇ ಎಂದು ಮೊಣಕಾಲೂರಿದೆ. ನಿಜ ಹೇಳಬೇಕೆಂದರೆ, ನಾನು ಬೇಡಿದ್ದು ದಾರಿಯನ್ನಲ್ಲ, ಅನುಮತಿಯನ್ನು. ಯಾವ ದನಿಯೂ ಕೇಳಿಸಲಿಲ್ಲ. ಅಪ್ಪನ ಗೆಣ್ಣಿನ ಸದ್ದು ಮಾತ್ರ ನೆನಪಾಯಿತು.

ಬೆಳಿಗ್ಗೆ ಆಗದು ಎಂದೆ. ಹೆಂಡತಿಯ ಬಳೆ ಅಡವಿಟ್ಟು ಶುಲ್ಕ ಕಟ್ಟಿದೆವು. ಬಳೆ ಇನ್ನೂ ಬಿಡಿಸಿಲ್ಲ.

ಕಳೆದ ವಾರ ಉಳ್ಳಾಲದಿಂದ ಮುದಿ ಬಡಗಿಯೊಬ್ಬರು ಬಂದಿದ್ದರು. ಇನ್ನೂರು ಹಂಚು ಬೇಕಿತ್ತು. ತಟ್ಟಿ ನೋಡಿ ಎಂದೆ. "ನಿಮ್ಮ ತಂದೆಯ ಅಂಗಡಿಯಲ್ಲವೇ?" ಎಂದು ಕೇಳಿ, ಒಂದನ್ನೂ ತಟ್ಟದೆ ಗಾಡಿಗೆ ಹೇರಿಸಿದರು. ಅವರು ಹೊರಟ ಮೇಲೆ ಉಳಿದವುಗಳನ್ನು ನಾನೇ ತಟ್ಟುತ್ತ ಕುಳಿತೆ.