ಮರಡಿಹಳ್ಳಿ ಕಲ್ಲಿನ ಮೇಲೆ ಅವ್ವನ ಜೊತೆ ಒಂದು ಬೆಳಗ್ಗೆ

ಚಿತ್ರದುರ್ಗದವರನ್ನ ಕಲ್ಲು ನೋಡೋಕೆ ಬನ್ನಿ ಅಂತ ಕರೆದರೆ ಯಾರೂ ಬರಲ್ಲ. ಹುಟ್ಟಿದಾಗಿಂದ ಕಲ್ಲು ನೋಡಿಕೊಂಡೇ ಬೆಳೆದವರು ನಾವು. ಕೋಟೆ, ಓಬವ್ವನ ಕಿಂಡಿ, ಚಂದ್ರವಳ್ಳಿ ಎಲ್ಲ ಶಾಲೆ ಪ್ರವಾಸದಲ್ಲೇ ಮುಗಿದಿರುತ್ತೆ. ಆದರೂ ಈ ಸಲ ಆರಿದ್ರಾ ಮಳೆ ಒಂದೆರಡು ಹನಿ ಬಿದ್ದ ಮೇಲೆ, ಒಂದು ಭಾನುವಾರ, ಅವ್ವನನ್ನು ಕರೆದುಕೊಂಡು ಮರಡಿಹಳ್ಳಿಗೆ ಹೋದೆ. ಬರೀ ಕಲ್ಲು ನೋಡೋಕೆ.

ಮರಡಿಹಳ್ಳಿ ಇರೋದು ಹಿರಿಯೂರು ತಾಲ್ಲೂಕಿನಲ್ಲಿ, ಐಮಂಗಲದ ಹತ್ತಿರ. 2022ರಲ್ಲಿ ಮಾರಿಕಣಿವೆ ಅಣೆಕಟ್ಟು, ಅಂದರೆ ವಾಣಿವಿಲಾಸ ಸಾಗರ, ಕೋಡಿ ಬಿತ್ತಲ್ಲ, 1933 ಆದಮೇಲೆ ಅದೇ ಮೊದಲು, ಆಗ ಟೆಂಪೊ, ಟ್ರ್ಯಾಕ್ಟರ್ ಮಾಡಿಕೊಂಡು ಜನ ಹಿಂಡು ಹಿಂಡಾಗಿ ಹೋದರು. ನಾವೂ ಹೋಗಿದ್ವಿ. ಹೋಗಿದ್ದು ಇದೇ ಹೆದ್ದಾರಿಯಲ್ಲಿ. ಹೆದ್ದಾರಿ ಬಿಟ್ಟು ಸ್ವಲ್ಪ ಒಳಗೆ ಹೋದರೆ ಸಿಗೋ ಈ ಕಲ್ಲಿನ ವಯಸ್ಸು ಸುಮಾರು 250 ಕೋಟಿ ವರ್ಷ. ಸಮುದ್ರದ ತಳದಲ್ಲಿ ಲಾವಾ ಉಕ್ಕಿ, ನೀರಿಗೆ ತಾಗಿ, ದಿಂಬಿನ ಆಕಾರಕ್ಕೆ ಗಟ್ಟಿಯಾದ ಕಲ್ಲು ಇದು. 1976ರಲ್ಲೇ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಘೋಷಿಸಿದ್ದಾರೆ. ಇಡೀ ಕರ್ನಾಟಕದಲ್ಲಿ ಇಂಥವು ಕೈಬೆರಳೆಣಿಕೆಯಷ್ಟು, ಅದರಲ್ಲಿ ಒಂದು ನಮ್ಮ ಪಕ್ಕದಲ್ಲೇ ಇದೆ.

ಅವ್ವನಿಗೆ ಮಂಡಿ ನೋವು. ಜಾಸ್ತಿ ನಡೆಯೋ ಹಾಗಿಲ್ಲ. ಹಾಗಾಗಿ ಸುತ್ತಾಡೋ ಮಾತೇ ಇಲ್ಲ, ಒಂದು ಕಡೆ ಕೂತು ಅಲ್ಲೇ ಕಣ್ಣಿಗೆ ಬಿದ್ದಿದ್ದನ್ನು ನೋಡೋದು ಅಂತ ಮೊದಲೇ ಮಾತಾಡಿಕೊಂಡಿದ್ವಿ. ಫೋನು ಚೀಲದಲ್ಲಿ. ಮೊದಲ ಹತ್ತು ನಿಮಿಷ ನಿಜವಾಗಲೂ ಬೇಜಾರಾಗುತ್ತೆ, ಯಾರು ಮಾಡಿದರೂ ಆಗುತ್ತೆ. ಕಲ್ಲು, ಒಣ ಹುಲ್ಲು, ದೂರದ ಗುಡ್ಡದ ಮೇಲೆ ಗಾಳಿಯಂತ್ರ, ಗಾಳಿ. ಅಷ್ಟೇ. ಕೈ ತಾನಾಗೇ ಚೀಲದ ಕಡೆ ಹೋಗುತ್ತೆ. ಆ ಹತ್ತು ನಿಮಿಷ ತಡ್ಕೊಂಡರೆ ಸಾಕು, ಆಮೇಲೆ ಕಣ್ಣು ತಾನೇ ಕೆಲಸ ಶುರು ಮಾಡುತ್ತೆ.

ನನಗಿಂತ ಮೊದಲು ಅವ್ವನ ಕೈ ಕೆಲಸ ಶುರು ಮಾಡಿತು. ಕೂತಲ್ಲೇ ಅಂಗೈಯಿಂದ ಕಲ್ಲನ್ನು ಸವರಿ, ಉಗುರಿನಿಂದ ಒಂದು ಸಲ ಕೆರೆದು, ಇನ್ನೊಂದು ಕಡೆ ಸವರಿ, "ಇದು ರುಬ್ಬೋ ಕಲ್ಲಿನ ಜಾತಿ ಅಲ್ಲ ಕಣಪ್ಪ" ಅಂದಳು. "ಅದು ತರಿ ತರಿ ಇರ್ತೈತೆ. ಇದು ನುಣ್ಣಗೈತೆ ನೋಡು."

ಇದನ್ನ ಕೇಳಿ ನನಗೆ ರೋಮಾಂಚನ ಆಯಿತು, ಸುಳ್ಳಲ್ಲ. ಯಾಕಂದರೆ ವಿಷಯ ಇರೋದೇ ಅಲ್ಲಿ. ರುಬ್ಬೋ ಕಲ್ಲು ಸಾಮಾನ್ಯವಾಗಿ ಗ್ರಾನೈಟು, ಕೋಟೆಯ ಬಂಡೆಯೂ ಗ್ರಾನೈಟು. ಅದು ನೆಲದೊಳಗೆ ಆಳದಲ್ಲಿ, ಲಕ್ಷಾಂತರ ವರ್ಷ ನಿಧಾನವಾಗಿ ಆರಿದ ಕಲ್ಲು. ನಿಧಾನಕ್ಕೆ ಆರಿದ್ದರಿಂದ ಒಳಗಿನ ಹರಳುಗಳಿಗೆ ಬೆಳೆಯೋಕೆ ಟೈಮ್ ಸಿಕ್ಕಿತು, ಅದಕ್ಕೇ ತರಿ, ಅದಕ್ಕೇ ಬಿಸಿಲಿಗೆ ಹಿಡಿದರೆ ಮಿಣಮಿಣ ಅನ್ನುತ್ತೆ. ಮರಡಿಹಳ್ಳಿ ಕಲ್ಲು ತಣ್ಣೀರಿಗೆ ತಾಗಿ ಗಬಕ್ಕನೆ ಗಟ್ಟಿಯಾಗಿದ್ದು. ಹರಳು ಬೆಳೆಯೋಕೆ ಪುರುಸೊತ್ತೇ ಇರಲಿಲ್ಲ. ನಾನು ಓದಿ ತಿಳಿದುಕೊಂಡಿದ್ದನ್ನ ಅವ್ವ ವರ್ಷಗಟ್ಟಲೆ ಚಟ್ನಿ ರುಬ್ಬಿದ ಕೈಯಲ್ಲಿ ಮುಟ್ಟಿ ಹೇಳಿಬಿಟ್ಟಳು.

ಆಮೇಲೆ ಅವಳೇ ಬಾಟಲಿ ತೆಗೆದು ಕಲ್ಲಿನ ಮೇಲೆ ನೀರು ಸುರಿದಳು. ಕುಡಿಯೋ ನೀರು ಅಂತ ನಾನು ಕೈ ಅಡ್ಡ ತರೋದರೊಳಗೆ ಅರ್ಧ ಬಾಟಲಿ ಖಾಲಿ. ಒಣಗಿದ್ದಾಗ ಬರೀ ಬೂದು ಬಣ್ಣ ಕಾಣ್ತಿದ್ದ ಕಡೆ ಹಸಿರುಗಪ್ಪು ಬಣ್ಣ ಎದ್ದಿತು. ದಿಂಬುಗಳ ಅಂಚು ಗೆರೆ ಎಳೆದ ಹಾಗೆ ಎದ್ದು ಕಂಡಿತು. ಒಂದರ ಪಕ್ಕ ಒಂದು, ಒಂದರ ಮೇಲೆ ಒಂದು, ಕೆಲವು ಮೊಳಕ್ಕಿಂತ ಉದ್ದ, ಕೆಲವು ಅಂಗೈ ಅಗಲ. ಅವ್ವ ಒಂದು ಅಂಚಿನ ಮೇಲೆ ಬೆರಳಿಟ್ಟು ಹಾಗೇ ಎಳೆದುಕೊಂಡು ಹೋದಳು, ಅದು ಕೆಳಗಿನ ಎರಡು ದಿಂಬಿನ ಸಂದಿಗೆ ಬಂದು ಚೂಪಾಗಿ ನಿಂತಿತು. "ಇದು ಆಮೇಲೆ ಬಂದಿದ್ದು. ಮೆತ್ತಗಿದ್ದಾಗ ಸಂದಿಗೆ ಇಳಿದೈತೆ."

ಭೂವಿಜ್ಞಾನಿಗಳು ನೋಡೋದೂ ಇದನ್ನೇ. ಕೋಟಿಗಟ್ಟಲೆ ವರ್ಷದಲ್ಲಿ ನೆಲ ಮಡಚಿ, ವಾಲಿ, ಕೆಲವು ಕಡೆ ಪೂರ್ತಿ ಮಗುಚಿಕೊಂಡಿರುತ್ತೆ. ಆಗ ಯಾವುದು ಮೇಲ್ಭಾಗ, ಯಾವುದು ಕೆಳಭಾಗ ಅಂತ ಹೇಳೋದು ಸಂದಿಗೆ ಇಳಿದ ಈ ಚೂಪು ಬಾಲದಿಂದ. ಉಬ್ಬಿರೋದು ಮೇಲೆ, ಬಾಲ ಇಳಿದಿರೋದು ಕೆಳಗೆ.

ಲಾವಾ ಅಂದರೇನು ಅಂತ ಕೇಳಿದಳು. ಹೇಳಿದೆ. ಕರಗಿದ ಕಲ್ಲು, ಸಾವಿರ ಡಿಗ್ರಿಗಿಂತ ಜಾಸ್ತಿ ಬಿಸಿ, ಬಿರುಕಿನಿಂದ ಈಚೆ ಬಂದ ತಕ್ಷಣ ನೀರು ತಾಗಿ ಹೊರಗಡೆ ಸಿಪ್ಪೆ ಕಟ್ಟುತ್ತೆ, ಒಳಗೆ ಇನ್ನೂ ಕುದಿಯುತ್ತಿರುತ್ತೆ, ಒತ್ತಡ ಜಾಸ್ತಿಯಾದಾಗ ಸಿಪ್ಪೆ ಬಿರಿದು ಪಕ್ಕದಲ್ಲಿ ಇನ್ನೊಂದು ಉಬ್ಬುತ್ತೆ, ಅದಕ್ಕೂ ಸಿಪ್ಪೆ. "ಕಾದ ಎಣ್ಣೆಗೆ ಬೋಂಡದ ಹಿಟ್ಟು ಬಿಟ್ಟಂಗೆ ಅನ್ನು" ಅಂದಳು. ಹೌದು, ಇಲ್ಲಿ ಕಾದಿರೋದು ಹಿಟ್ಟು, ತಣ್ಣಗಿರೋದು ಎಣ್ಣೆ. ಹವಾಯಿ ದ್ವೀಪದಲ್ಲಿ ಇವತ್ತಿಗೂ ಲಾವಾ ಸಮುದ್ರಕ್ಕೆ ಇಳಿದಾಗ ಹೀಗೇ ದಿಂಬುಗಳಾಗುತ್ತವೆ, ನೀರಿನೊಳಗೆ ಈಜಿ ಹೋಗಿ ವಿಡಿಯೊ ತೆಗೆದಿದ್ದಾರೆ. ಅದನ್ನು ನೋಡಿದ್ದರಿಂದಲೇ ಇಲ್ಲಿ ಒಂದು ಕಾಲಕ್ಕೆ ನೀರಿತ್ತು ಅಂತ ಧೈರ್ಯವಾಗಿ ಹೇಳೋಕೆ ಆಗೋದು.

"ಇಲ್ಲಿ? ಸಮುದ್ರ?"

ಅವಳು ಹಾಗೆ ಕೇಳಿದ್ದರಲ್ಲಿ ಅರ್ಥ ಇದೆ. ಒಂದು ಕೊಡ ನೀರಿಗೆ ಬೋರ್‌ವೆಲ್ ಹತ್ತಿರ ರಾತ್ರಿ ಎದ್ದು ಸಾಲು ನಿಂತವಳು. ಮಳೆ ಕೈಕೊಟ್ಟು ಶೇಂಗಾ ಹೊಲದಲ್ಲೇ ಒಣಗಿದ್ದನ್ನ ಎಷ್ಟೋ ಸಲ ನೋಡಿದವಳು. ನಮ್ಮ ಜಿಲ್ಲೆಗೂ ನೀರಿಗೂ ಇರೋ ಸಂಬಂಧ ಅವಳಿಗೆ ಗೊತ್ತಿರುವಷ್ಟು ನನಗೆ ಗೊತ್ತಿಲ್ಲ. ಆ ನೆಲದ ಮೇಲೆ ಕೂತು ಇದು ಸಮುದ್ರದ ತಳ ಅಂತ ಹೇಳಿದರೆ ನಂಬೋದು ಹೇಗೆ? ಅದೂ ಎಂಥ ಸಮುದ್ರ. ಮೀನಿಲ್ಲ. ದಡದಲ್ಲಿ ಒಂದು ಎಸಳು ಹುಲ್ಲಿಲ್ಲ, ಮರ ಇಲ್ಲ, ಹುಳ ಇಲ್ಲ. ಗಾಳಿಯಲ್ಲಿ ಉಸಿರಾಡೋಕೆ ಆಮ್ಲಜನಕ ಕೂಡ ಇಲ್ಲದಷ್ಟು ಕಡಿಮೆ. ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಮಾತ್ರ. ಡೈನೋಸಾರ್‌ಗಳು ಅಳಿದು ಇನ್ನೂ 6.6 ಕೋಟಿ ವರ್ಷ, ಅದನ್ನೇ ನಾವು ಹಳೇ ಕಾಲ ಅಂತೀವಿ.

ಅಷ್ಟರಲ್ಲಿ ಒಂದು ಓತಿಕ್ಯಾತ ಬಂತು. ಗಂಡು, ಬೆನ್ನೆಲ್ಲ ಕೆಂಪು ಕಿತ್ತಳೆ, ಪಕ್ಕೆ ಕಪ್ಪು. ನಾವು ಅಲುಗಾಡದೆ ಕೂತಿದ್ದರಿಂದ ಎರಡು ಮಾರು ದೂರದ ಕಲ್ಲಿನ ಮೇಲೆ ಬಂದು ದಂಡ ಹೊಡೆಯೋಕೆ ಶುರು ಮಾಡಿತು. ತಲೆ ಮೇಲೆ, ಕೆಳಗೆ, ಮೇಲೆ. ಇದು ನನ್ನ ಜಾಗ ಅಂತ ಬೇರೆ ಗಂಡುಗಳಿಗೆ ತೋರಿಸೋದು ಹಾಗೆ. ಮಳೆಗಾಲದ ಈ ಬಣ್ಣ ಗಂಡಿಗೆ ಮಾತ್ರ, ಹೆಣ್ಣು ಕಲ್ಲಿನ ಬಣ್ಣದ್ದೇ, ಪಕ್ಕದಲ್ಲಿದ್ದರೂ ಕಾಣಲ್ಲ. ಆಮೇಲೆ ಹುಡುಕಿದೆವು, ಸಿಗಲಿಲ್ಲ. ಅವ್ವ ಬಿಡಲಿಲ್ಲ, ಕೊನೆವರೆಗೂ ಒಂದು ಕಣ್ಣು ಅಲ್ಲೇ ಇಟ್ಟಿದ್ದಳು.

ಒಂದು ಮಾತು ಹೇಳಲೇಬೇಕು. ಅಲ್ಲಿ ಕೆಲವು ಕಡೆ ಹೆಸರು ಗೀಚಿದ್ದಾರೆ, ಕೆಲವು ಕಡೆ ತುಂಡು ಒಡೆದ ಗುರುತಿದೆ. ಹೋದರೆ ದಯವಿಟ್ಟು ಒಂದು ಚೂರೂ ತರಬೇಡಿ. ಕೈಯಿಂದ ಮುಟ್ಟಿ, ನೀರು ಹಾಕಿ ನೋಡಿ, ಅಷ್ಟು ಸಾಕು. ಬೆಳಗ್ಗೆನೇ ಹೋಗಿ, ಹತ್ತು ಗಂಟೆ ಮೇಲೆ ಕಲ್ಲು ಕಾಯುತ್ತೆ, ಕೂರೋಕೆ ಆಗಲ್ಲ.

ವಾಪಸ್ ಬರುವಾಗ ಬಸ್ಸಿನಲ್ಲಿ ಅವ್ವನ ಪ್ರಶ್ನೆ ನಿಲ್ಲಲಿಲ್ಲ. ಆ ನೀರೆಲ್ಲ ಎಲ್ಲಿಗೆ ಹೋಯಿತು? ನೆಲದ ತುಂಡುಗಳು ಸರಿದು ಒಂದಕ್ಕೊಂದು ಒತ್ತಿಕೊಂಡಾಗ ಸಮುದ್ರ ಮುಚ್ಚಿ ತಳ ಮೇಲೆ ಬಂತು ಅಂದೆ. 250 ಕೋಟಿ ಅಂತ ಎಣಿಸಿದವರು ಯಾರು? ಇಂಥ ಹಳೇ ಕಲ್ಲಿನ ಹರಳುಗಳಲ್ಲಿ ಯುರೇನಿಯಂ ಇರುತ್ತೆ, ಅದು ಒಂದೇ ಲೆಕ್ಕದಲ್ಲಿ ನಿಧಾನಕ್ಕೆ ಸೀಸ ಆಗುತ್ತಾ ಹೋಗುತ್ತೆ, ಎಷ್ಟು ಉಳಿದಿದೆ, ಎಷ್ಟು ಸೀಸ ಆಗಿದೆ ಅಂತ ಅಳೆದು ವಯಸ್ಸು ಹೇಳ್ತಾರೆ ಅಂತ ಗೊತ್ತಿದ್ದಷ್ಟು ವಿವರಿಸಿದೆ. ತಲೆ ಆಡಿಸಿದಳು, ಪೂರ್ತಿ ಒಪ್ಪಿದ ಹಾಗೆ ಕಾಣಲಿಲ್ಲ.

ದೀಪಾವಳಿಗೆ ಬೆಂಗಳೂರಿಗೆ ತಂಗಿ ಮನೆಗೆ ಹೋಗೋದಿದೆ. ಲಾಲ್‌ಬಾಗ್‌ನಲ್ಲಿ ಕೆಂಪೇಗೌಡರ ಗೋಪುರ ಇದೆಯಲ್ಲ, ಅದರ ಕೆಳಗಿನ ಬಂಡೆಯೂ ಇಂಥದ್ದೇ ಸ್ಮಾರಕ, ಇದಕ್ಕಿಂತ ಹಳೇದು, ಸುಮಾರು 300 ಕೋಟಿ ವರ್ಷದ್ದು ಅಂದೆ.

"ಅದು ತರಿನೋ, ನುಣುಪೋ?"

"ತರಿ ಇರಬೇಕು ಅವ್ವ."

"ಇರಬೇಕು ಅಂದ್ರೆ? ಮುಟ್ಟಿ ನೋಡಾನ" ಅಂದಳು.